ಲೂಯಿ ಪಾಶ್ಚರ್ (1822–1895): ರೇಬೀಸ್ ರೋಗಕ್ಕೆ ಲಸಿಕೆ ನೀಡಿದ ವಿಜ್ಞಾನಿಯ ಜೀವನ ಹಾಗೂ ಸಾರ್ವಜನಿಕರು ತಿಳಿಯಬೇಕಾದ ರೋಗಲಕ್ಷಣಗಳು

ಪೀಠಿಕೆ

ಪ್ರತಿ ವರ್ಷ ಸೆಪ್ಟೆಂಬರ್ 28ನೇ ದಿನಾಂಕವನ್ನು ವಿಶ್ವ ರೇಬೀಸ್ ದಿನವನ್ನಾಗಿ ಆಚರಿಸಲಾಗುತ್ತಿದೆ. 2007ರಿಂದ ನಡೆದುಬಂದಿರುವ ಈ ಆಚರಣೆಗೆ ಆ ದಿನವನ್ನೇ ಆರಿಸಿಕೊಳ್ಳಲು ಕಾರಣವಿದೆ. ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್ ರೋಗಕ್ಕೆ ಮೊಟ್ಟಮೊದಲ ಲಸಿಕೆಯನ್ನು ಸಿದ್ಧಪಡಿಸಿದ ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರ್ ಅವರು 1895ರ ಸೆಪ್ಟೆಂಬರ್ 28ರಂದು ನಿಧನ ಹೊಂದಿದರು.

ಮೈಸೂರು ನಗರದಿಂದ ನಂಜನಗೂಡಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಇಂದು ವಿಮಾನ ನಿಲ್ದಾಣವಿರುವ ಮಂಡಕಳ್ಳಿ ಗ್ರಾಮವಿದೆ. ಇದೇ ರಸ್ತೆ ನಂಜನಗೂಡು, ಗುಂಡ್ಲುಪೇಟೆಗಳನ್ನು ದಾಟಿ ನೀಲಗಿರಿಯ ದಿಕ್ಕಿಗೆ ಸಾಗುತ್ತದೆ. ಆ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಅವರ ಹೆಸರಿನ ಸಂಸ್ಥೆಯೊಂದು 1907ರಿಂದ ಕಾರ್ಯನಿರ್ವಹಿಸುತ್ತಿದೆ. ಹೊಲ, ತೋಟ, ಬಡಾವಣೆ ಮತ್ತು ಹೆದ್ದಾರಿ ಒಂದರೊಡನೊಂದು ಬೆರೆತಿರುವ ಮಂಡಕಳ್ಳಿಯಂತಹ ಊರುಗಳಲ್ಲಿ ಶಾಲೆಗೆ ಹೋಗುವ ಮಕ್ಕಳು, ಮುಂಜಾನೆ ಹಾಲು ತರುವವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ಕಾರ್ಮಿಕರು ಬೀದಿ ನಾಯಿಗಳನ್ನು ಎದುರಿಸಬೇಕಾಗುವುದು ದಿನನಿತ್ಯದ ಸಂಗತಿ. ಆದ್ದರಿಂದ ಪಾಶ್ಚರ್ ಅವರ ಜೀವನ ಚರಿತ್ರೆಯನ್ನೂ, ಅವರ ಶ್ರಮದ ಫಲವಾಗಿ ಇಂದು ಪ್ರತಿಯೊಬ್ಬ ನಾಗರಿಕನಿಗೂ ದೊರೆಯುತ್ತಿರುವ ರಕ್ಷಣೆಯ ವಿವರಗಳನ್ನೂ ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಲೂಯಿ ಪಾಶ್ಚರ್ ಅವರು 1822ರ ಡಿಸೆಂಬರ್ 27ರಂದು ಫ್ರಾನ್ಸ್‌ನ ಜೂರಾ ಪ್ರಾಂತ್ಯದ ಡೋಲ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಸೇವೆ ಸಲ್ಲಿಸಿ ಹಿಂತಿರುಗಿದ ಬಳಿಕ ಚರ್ಮ ಹದ ಮಾಡುವ ಕಸುಬನ್ನು ಅವಲಂಬಿಸಿದ್ದರು. ಕುಟುಂಬವು ಮುಂದೆ ಅರ್ಬುವಾ ಎಂಬ ಊರಿನಲ್ಲಿ ನೆಲೆಸಿತು. ಬಾಲಕ ಲೂಯಿ ಶಾಲೆಯಲ್ಲಿ ಅಸಾಧಾರಣ ವಿದ್ಯಾರ್ಥಿಯೆಂದು ಹೆಸರು ಪಡೆದವನಲ್ಲ. ಚಿತ್ರ ಬರೆಯುವುದರಲ್ಲಿ ಅವನಿಗೆ ವಿಶೇಷ ಆಸಕ್ತಿಯಿತ್ತು. ತಂದೆ, ತಾಯಿ ಮತ್ತು ನೆರೆಹೊರೆಯವರ ಭಾವಚಿತ್ರಗಳನ್ನು ಅವನು ಬರೆದಿದ್ದನು.

1831ರಲ್ಲಿ, ಲೂಯಿಗೆ ಎಂಟು ವರ್ಷವಾಗಿದ್ದಾಗ, ಹುಚ್ಚು ಹಿಡಿದ ತೋಳವೊಂದು ಅರ್ಬುವಾ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಓಡಾಡಿ ಹಲವರನ್ನು ಕಚ್ಚಿತು. ಆ ಕಾಲದಲ್ಲಿ ಇದಕ್ಕೆ ತಿಳಿದಿದ್ದ ಚಿಕಿತ್ಸೆ ಒಂದೇ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವನ್ನು ಕೆಂಪಗೆ ಕಾಯಿಸಿ ಗಾಯದ ಮೇಲೆ ಬರೆ ಹಾಕುತ್ತಿದ್ದರು. ಪಾಶ್ಚರ್ ಅವರ ಮನೆಯ ಸಮೀಪದಲ್ಲಿದ್ದ ಕುಲುಮೆಗೆ ಗಾಯಾಳುಗಳನ್ನು ಕರೆತಂದು ಬರೆ ಹಾಕಿದ ದೃಶ್ಯವನ್ನು ಬಾಲಕನು ಕಣ್ಣಾರೆ ಕಂಡನು. ಕಚ್ಚಿಸಿಕೊಂಡವರಲ್ಲಿ ಹಲವರು ನಂತರ ಮೃತಪಟ್ಟರು. ಈ ನೆನಪು ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದಿತ್ತೆಂದು ಅವರ ಜೀವನ ಚರಿತ್ರಕಾರರು ದಾಖಲಿಸಿದ್ದಾರೆ.

ವಿದ್ಯಾಭ್ಯಾಸ ಮತ್ತು ಆರಂಭಿಕ ಸಂಶೋಧನೆ

1843ರಲ್ಲಿ ಪಾಶ್ಚರ್ ಅವರು ಪ್ಯಾರಿಸ್ಸಿನ ಪ್ರಸಿದ್ಧ ಎಕೋಲ್ ನಾರ್ಮಲ್ ವಿದ್ಯಾಸಂಸ್ಥೆಯನ್ನು ಸೇರಿದರು. ಅವರು ವೃತ್ತಿಯಿಂದ ರಸಾಯನ ಶಾಸ್ತ್ರಜ್ಞರು; ವೈದ್ಯರಲ್ಲ. ಈ ಅಂಶವನ್ನು ಗಮನದಲ್ಲಿಟ್ಟುಕೊಳ್ಳುವುದು ಅಗತ್ಯ. 1848ರಲ್ಲಿ ಟಾರ್ಟಾರಿಕ್ ಆಮ್ಲದ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಒಂದೇ ವಸ್ತುವಿನ ಅಣುಗಳು ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾಗಿ ಇರಬಲ್ಲವೆಂದು ಅವರು ತೋರಿಸಿದರು. 1849ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಮೇರಿ ಲೊರಾಂ ಅವರನ್ನು ವಿವಾಹವಾದರು. ಪತ್ನಿಯು ಜೀವನಪರ್ಯಂತ ಪತಿಯ ಸಂಶೋಧನಾ ಕಾರ್ಯಗಳಿಗೆ ನೆರವಾದರು.

1854ರಲ್ಲಿ ಲೀಲ್ ನಗರದ ವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ನೇಮಕಗೊಂಡ ಪಾಶ್ಚರ್ ಅವರು ಹುದುಗುವಿಕೆಯ ವಿಷಯವನ್ನು ಕೈಗೆತ್ತಿಕೊಂಡರು. ಹಾಲು ಹುಳಿಯಾಗುವುದು, ದ್ರಾಕ್ಷಾರಸ ಮದ್ಯವಾಗುವುದು ಇವೆಲ್ಲವೂ ಕಣ್ಣಿಗೆ ಕಾಣದ ಜೀವಿಗಳ ಕೆಲಸವೆಂದು 1857ರಿಂದ ಮುಂದಿನ ವರ್ಷಗಳಲ್ಲಿ ಅವರು ಸಿದ್ಧಪಡಿಸಿದರು. ದ್ರವವನ್ನು ನಿಗದಿತ ಮಟ್ಟಕ್ಕೆ ಬಿಸಿ ಮಾಡಿ ಕೆಡದಂತೆ ಉಳಿಸುವ ವಿಧಾನಕ್ಕೆ ಪಾಶ್ಚರೀಕರಣ ಎಂಬ ಹೆಸರು ಬಂದಿರುವುದು ಅವರಿಂದಲೇ. ಇಂದು ಪ್ರತಿ ಮನೆಗೂ ತಲಪುತ್ತಿರುವ ಹಾಲಿನ ಪೊಟ್ಟಣದ ಮೇಲೆ ಈ ಪದವನ್ನು ಕಾಣಬಹುದು.

ರೇಷ್ಮೆ ಕೃಷಿಕರಿಗೆ ನೆರವು

1865ರಲ್ಲಿ ಫ್ರಾನ್ಸ್‌ನ ದಕ್ಷಿಣ ಭಾಗದ ರೇಷ್ಮೆ ಬೆಳೆಗಾರರು ಪೆಬ್ರಿನ್ ಎಂಬ ರೋಗದಿಂದ ಅಪಾರ ನಷ್ಟ ಅನುಭವಿಸುತ್ತಿದ್ದರು. ನಮ್ಮ ರೇಷ್ಮೆ ಬೆಳೆಗಾರರು ಗಂಟು ರೋಗವೆಂದು ಕರೆಯುವುದು ಇದನ್ನೇ. ಸರ್ಕಾರದ ಕೋರಿಕೆಯ ಮೇರೆಗೆ ಪಾಶ್ಚರ್ ಅವರು ಅಲೇಸ್ ಎಂಬ ಊರಿಗೆ ತೆರಳಿ, ಸುಮಾರು ಐದು ವರ್ಷಗಳ ಕಾಲ ಈ ಸಮಸ್ಯೆಯನ್ನು ಅಭ್ಯಸಿಸಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಪಡಿಸುವ ಸರಳ ವಿಧಾನವನ್ನು ಅವರು ರೂಪಿಸಿದರು. ಕರ್ನಾಟಕದ ರೇಷ್ಮೆ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ತಾಯಿ ಚಿಟ್ಟೆ ಪರೀಕ್ಷೆಯು ಇಂದಿಗೂ ಇದೇ ತತ್ವದ ಮೇಲೆ ನಡೆಯುತ್ತಿದೆ. ಮೈಸೂರು ಸೀಮೆಯ ರೇಷ್ಮೆ ಬೆಳೆಗಾರರು ಪಾಶ್ಚರ್ ಅವರ ಹೆಸರನ್ನು ಕೇಳದಿದ್ದರೂ ಅವರ ವಿಧಾನದ ಪ್ರಯೋಜನವನ್ನು ಪಡೆಯುತ್ತಲೇ ಬಂದಿದ್ದಾರೆ.

ಈ ವರ್ಷಗಳು ಪಾಶ್ಚರ್ ಅವರ ಕುಟುಂಬಕ್ಕೆ ದುಃಖದ ವರ್ಷಗಳಾಗಿದ್ದವು. ಅವರ ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು 1859, 1865 ಮತ್ತು 1866ರಲ್ಲಿ ತೀರಿಕೊಂಡರು. 1868ರ ಅಕ್ಟೋಬರ್ ತಿಂಗಳಿನಲ್ಲಿ ಸ್ವತಃ ಪಾಶ್ಚರ್ ಅವರಿಗೆ ಪಾರ್ಶ್ವವಾಯು ತಗುಲಿ ದೇಹದ ಎಡಭಾಗದ ಸ್ವಾಧೀನ ತಪ್ಪಿತು. ಆಗ ಅವರಿಗೆ 45 ವರ್ಷ. ಲಸಿಕೆಗಳಿಗೆ ಸಂಬಂಧಿಸಿದ ಅವರ ಕಾರ್ಯಗಳೆಲ್ಲವೂ ಈ ಅಂಗವೈಕಲ್ಯದ ನಂತರವೇ ನಡೆದವು.

ಲಸಿಕೆಯ ತತ್ವ

1879ರಲ್ಲಿ ಕೋಳಿ ಕಾಲರಾ ರೋಗವನ್ನು ಅಭ್ಯಸಿಸುವಾಗ, ಹಳೆಯದಾಗಿ ಶಕ್ತಿಗುಂದಿದ ರೋಗಾಣುಗಳನ್ನು ಚುಚ್ಚಿದ ಕೋಳಿಗಳು ಸಾಯದೆ ಉಳಿದುದಲ್ಲದೆ, ನಂತರ ಪ್ರಬಲ ರೋಗಾಣುಗಳನ್ನೂ ತಡೆದುಕೊಂಡುದು ಕಂಡುಬಂದಿತು. ಶಕ್ತಿಗುಂದಿಸಿದ ರೋಗಾಣುವು ದೇಹಕ್ಕೆ ಎಚ್ಚರಿಕೆಯನ್ನು ಕಲಿಸುತ್ತದೆ ಎಂಬ ತತ್ವವು ಇಲ್ಲಿಂದ ಸ್ಪಷ್ಟವಾಯಿತು. 1881ರ ಮೇ ತಿಂಗಳಿನಲ್ಲಿ ಪೂಯೀ ಲ ಫೋರ್ ಎಂಬ ಹಳ್ಳಿಯ ಹೊಲದಲ್ಲಿ ನೆರಡಿ ರೋಗದ ಲಸಿಕೆಯ ಬಹಿರಂಗ ಪ್ರಯೋಗ ನಡೆಯಿತು. ಜೂನ್ 2ರಂದು ರೈತರು, ಪಶುವೈದ್ಯರು ಮತ್ತು ಪತ್ರಕರ್ತರು ನೋಡುತ್ತಿದ್ದಂತೆ ಫಲಿತಾಂಶ ಹೊರಬಿದ್ದಿತು. ಲಸಿಕೆ ಪಡೆದ ಕುರಿಗಳು ಬದುಕಿದ್ದವು. ಲಸಿಕೆ ಪಡೆಯದ ಕುರಿಗಳು ಸತ್ತಿದ್ದವು ಅಥವಾ ಸಾಯುತ್ತಿದ್ದವು.

ರೇಬೀಸ್ ರೋಗದ ಸಂಶೋಧನೆ

1880ರ ಕೊನೆಯಲ್ಲಿ ಪಾಶ್ಚರ್ ಅವರು ರೇಬೀಸ್ ರೋಗದ ಕಡೆಗೆ ತಿರುಗಿದರು. ಈ ರೋಗದಿಂದ ಸಾಯುವವರ ಸಂಖ್ಯೆ ಇತರ ರೋಗಗಳಿಗಿಂತ ಕಡಿಮೆಯಿದ್ದರೂ ಅದರ ಭಯ ಎಲ್ಲಕ್ಕಿಂತ ಹೆಚ್ಚಿತ್ತು. ಲಕ್ಷಣಗಳು ಕಾಣಿಸಿಕೊಂಡ ಬಳಿಕ ಬದುಕುಳಿಯುವುದು ಅಸಾಧ್ಯವೆಂಬುದು ಎಲ್ಲರಿಗೂ ತಿಳಿದಿತ್ತು.

ರೇಬೀಸ್ ರೋಗಕ್ಕೆ ಕಾರಣವಾದ ವೈರಾಣುವು ಅಂದಿನ ಸೂಕ್ಷ್ಮದರ್ಶಕಗಳಿಗೆ ಕಾಣುವಷ್ಟು ದೊಡ್ಡದಾಗಿರಲಿಲ್ಲ. ಕಾಣದ ರೋಗಾಣುವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಸಾಧ್ಯವಿರಲಿಲ್ಲ. ಸಹಾಯಕರು ಹುಚ್ಚುನಾಯಿಯನ್ನು ಮೇಜಿನ ಮೇಲೆ ಒತ್ತಿ ಹಿಡಿದಿರುವಾಗ ಪಾಶ್ಚರ್ ಅವರು ತುಟಿಗಳ ನಡುವೆ ಗಾಜಿನ ನಳಿಕೆಯನ್ನಿಟ್ಟುಕೊಂಡು ಅದರ ಬಾಯಿಯಿಂದ ಜೊಲ್ಲನ್ನು ಹೀರಿ ತೆಗೆದ ಸಂಗತಿ ದಾಖಲಾಗಿದೆ. ಆದರೆ ಜೊಲ್ಲಿಗಿಂತ ಮಿದುಳು ಮತ್ತು ಮಿದುಳುಬಳ್ಳಿಯಲ್ಲಿ ರೋಗಾಣುವು ಖಚಿತವಾಗಿ ನೆಲೆಸಿರುತ್ತದೆಂದು ಅವರೂ ಅವರ ಸಹಾಯಕರಾದ ಎಮಿಲ್ ರೂ ಅವರೂ ಕಂಡುಕೊಂಡರು. ಮೊಲಗಳ ಮಿದುಳಿನಲ್ಲಿ ಅದನ್ನು ಒಂದರಿಂದ ಒಂದಕ್ಕೆ ದಾಟಿಸುತ್ತಾ ಹೋದಾಗ, ರೋಗ ಕಾಣಿಸಿಕೊಳ್ಳುವ ಅವಧಿ ಸುಮಾರು 7 ದಿನಗಳಿಗೆ ಸ್ಥಿರವಾಯಿತು. ಆ ಮೊಲಗಳ ಮಿದುಳುಬಳ್ಳಿಯನ್ನು ಒಣ ಗಾಳಿಯಿರುವ ಗಾಜಿನ ಸೀಸೆಯಲ್ಲಿ ನೇತುಹಾಕಿದರೆ ದಿನದಿಂದ ದಿನಕ್ಕೆ ಅದರ ವಿಷ ಕಡಿಮೆಯಾಗಿ, ಸುಮಾರು 14 ದಿನಗಳಲ್ಲಿ ಇಲ್ಲವಾಗುತ್ತಿತ್ತು. ಹೀಗೆ ಅತಿ ಹೆಚ್ಚು ಒಣಗಿದ ಅಂಶದಿಂದ ಆರಂಭಿಸಿ, ದಿನಕ್ರಮದಲ್ಲಿ ಹೆಚ್ಚು ಹೆಚ್ಚು ಹೊಸದಾದ ಅಂಶವನ್ನು ಚುಚ್ಚುವ ಕ್ರಮವನ್ನು ನಾಯಿಗಳ ಮೇಲೆ ಪರೀಕ್ಷಿಸಲಾಯಿತು.

ಈ ಚಿಕಿತ್ಸೆಯ ಹಿಂದಿನ ಲೆಕ್ಕಾಚಾರವು ಸರಳವಾದುದು. ಕಚ್ಚಿದ ಗಾಯದಿಂದ ವೈರಾಣುವು ನರಗಳ ಮೂಲಕ ಮಿದುಳಿನ ಕಡೆಗೆ ನಿಧಾನವಾಗಿ ಸಾಗುತ್ತದೆ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕಾಗುತ್ತವೆ. ಅದು ಮಿದುಳನ್ನು ತಲಪುವುದರೊಳಗೆ ಲಸಿಕೆಯು ದೇಹವನ್ನು ಸಿದ್ಧಗೊಳಿಸಿದರೆ ವ್ಯಕ್ತಿಯು ಉಳಿಯುತ್ತಾನೆ. ಇಂದಿನ ಲಸಿಕೆಯೂ ಇದೇ ಅವಕಾಶವನ್ನು ಅವಲಂಬಿಸಿದೆ.

ಜೋಸೆಫ್ ಮೈಸ್ಟರ್

1885ರ ಜುಲೈ 4ರಂದು ಅಲ್ಸೇಸ್ ಪ್ರಾಂತ್ಯದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರ್‌ನನ್ನು ಹುಚ್ಚುನಾಯಿಯೊಂದು ಕೈಕಾಲುಗಳಲ್ಲಿ 14 ಕಡೆ ಕಚ್ಚಿತು. ತಾಯಿಯು ಅವನನ್ನು ಕರೆದುಕೊಂಡು ಜುಲೈ 6ರಂದು ಪ್ಯಾರಿಸ್ಸಿಗೆ ಬಂದು ಪಾಶ್ಚರ್ ಅವರನ್ನು ಕಂಡಳು. ಬಾಲಕನು ನಡೆಯಲು ಕಷ್ಟಪಡುತ್ತಿದ್ದನು. ಪಾಶ್ಚರ್ ಅವರು ಬಹಳ ಚಿಂತೆಗೊಳಗಾದರು. ಚಿಕಿತ್ಸೆ ನೀಡದಿದ್ದರೆ ಮಗುವಿನ ಸಾವು ಬಹುತೇಕ ನಿಶ್ಚಿತ. ನೀಡಿದರೆ ಏನಾಗುವುದೋ ಹೇಳುವಂತಿರಲಿಲ್ಲ. ವುಲ್ಪಿಯಾನ್ ಮತ್ತು ಗ್ರಾಂಶೇ ಎಂಬ ಇಬ್ಬರು ವೈದ್ಯರು ಬಾಲಕನನ್ನು ಪರೀಕ್ಷಿಸಿ ಚಿಕಿತ್ಸೆ ನೀಡುವಂತೆ ಸಲಹೆಯಿತ್ತರು. ಪಾಶ್ಚರ್ ಅವರು ವೈದ್ಯರಲ್ಲದ ಕಾರಣ ಗ್ರಾಂಶೇ ಅವರೇ ಅದೇ ದಿನ ಸಂಜೆ ಮೊದಲ ಚುಚ್ಚುಮದ್ದನ್ನು ನೀಡಿದರು. ಸುಮಾರು ಹತ್ತು ದಿನಗಳಲ್ಲಿ ಒಟ್ಟು 13 ಚುಚ್ಚುಮದ್ದುಗಳನ್ನು ನೀಡಲಾಯಿತು. ಆ ದಿನಗಳಲ್ಲಿ ಪಾಶ್ಚರ್ ಅವರಿಗೆ ಸರಿಯಾಗಿ ನಿದ್ರೆ ಬರುತ್ತಿರಲಿಲ್ಲ. ಬಾಲಕನು ಆರೋಗ್ಯವಾಗಿ ಊರಿಗೆ ಮರಳಿದನು. ದೊಡ್ಡವನಾದ ಬಳಿಕ ಅವನು ಪಾಶ್ಚರ್ ಸಂಸ್ಥೆಯಲ್ಲಿಯೇ ದ್ವಾರಪಾಲಕನಾಗಿ ಸೇವೆ ಸಲ್ಲಿಸಿ 1940ರಲ್ಲಿ ಮರಣ ಹೊಂದಿದನು.

ಪಾಶ್ಚರ್ ಅವರ ಪ್ರಯೋಗಾಲಯದ ಟಿಪ್ಪಣಿ ಪುಸ್ತಕಗಳನ್ನು 20ನೇ ಶತಮಾನದಲ್ಲಿ ಪರಿಶೀಲಿಸಿದ ಇತಿಹಾಸಕಾರರು, ಬಾಲಕನಿಗೆ ನೀಡಿದ ಕ್ರಮವನ್ನು ಅಂದು ಜನರು ಭಾವಿಸಿದ್ದಷ್ಟು ನಾಯಿಗಳ ಮೇಲೆ ಪರೀಕ್ಷಿಸಿರಲಿಲ್ಲವೆಂದು ತೋರಿಸಿದ್ದಾರೆ. ಇಂದಿನ ಲಸಿಕೆಗಳು ಹಲವು ಹಂತಗಳ ಪರೀಕ್ಷೆಯನ್ನು ದಾಟಿದ ನಂತರವೇ ಬಳಕೆಗೆ ಬರುತ್ತವೆ ಎಂಬುದನ್ನು ಈ ಸಂದರ್ಭದಲ್ಲಿ ಗಮನಿಸಬೇಕು.

ವಿಳಂಬದಿಂದಾದ ಸಾವು

1885ರ ಅಕ್ಟೋಬರ್ ತಿಂಗಳಿನಲ್ಲಿ ಪಾಶ್ಚರ್ ಅವರ ಹುಟ್ಟೂರಿನ ಸೀಮೆಯಿಂದಲೇ 15 ವರ್ಷದ ಕುರಿಗಾಹಿ ಜೀನ್ ಬಾಪ್ಟಿಸ್ಟ್ ಜುಪೀಲ್‌ನನ್ನು ಕರೆತರಲಾಯಿತು. ತನ್ನೊಂದಿಗಿದ್ದ ಚಿಕ್ಕ ಹುಡುಗರನ್ನು ರಕ್ಷಿಸಲು ಅವನು ಹುಚ್ಚುನಾಯಿಯೊಂದಿಗೆ ಸೆಣಸಿ ತೀವ್ರವಾಗಿ ಗಾಯಗೊಂಡಿದ್ದನು. ಕಚ್ಚಿ ಆರು ದಿನಗಳಾಗಿದ್ದವು. ಅವನೂ ಉಳಿದನು.

ಮುಂದಿನ ತಿಂಗಳು ಬಂದ ಹತ್ತು ವರ್ಷದ ಲೂಯೀಸ್ ಪೆಲ್ಟಿಯೇ ಎಂಬ ಬಾಲಕಿಯ ಸಂಗತಿ ಬೇರೆಯಾಗಿತ್ತು. ಅವಳ ತಲೆಗೆ ನಾಯಿ ಕಚ್ಚಿ 37 ದಿನಗಳು ಕಳೆದಿದ್ದವು. ಕಾಲ ಮೀರಿದೆಯೆಂದು ಪಾಶ್ಚರ್ ಅವರಿಗೆ ತಿಳಿದಿತ್ತು. ಆದರೂ ತಂದೆತಾಯಿಗಳ ಮೊರೆಯನ್ನು ನಿರಾಕರಿಸಲಾಗದೆ ಚಿಕಿತ್ಸೆ ನೀಡಲಾಯಿತು. ಚಿಕಿತ್ಸೆ ಮುಗಿದು ಬಾಲಕಿಯು ಶಾಲೆಗೂ ಹೋಗತೊಡಗಿದ್ದಳು. ಕೆಲವೇ ದಿನಗಳಲ್ಲಿ ಉಸಿರಾಟಕ್ಕೆ ತೊಂದರೆ, ಮೈ ಸೆಳೆತ, ಏನನ್ನೂ ನುಂಗಲಾಗದ ಸ್ಥಿತಿ ಕಾಣಿಸಿಕೊಂಡವು. ಪಾಶ್ಚರ್ ಅವರು ಬಾಲಕಿಯ ಮನೆಗೆ ಹೋಗಿ ಅವಳ ಹಾಸಿಗೆಯ ಬಳಿಯಲ್ಲೇ ಕುಳಿತಿದ್ದರು. ಡಿಸೆಂಬರ್ ಮೊದಲ ವಾರದಲ್ಲಿ ಅವಳು ಮೃತಪಟ್ಟಳು. ತಲೆ, ಮುಖ ಮತ್ತು ಕತ್ತಿನ ಗಾಯಗಳಿಂದ ಮಿದುಳಿಗೆ ಇರುವ ದೂರ ಅತ್ಯಲ್ಪ. ಆದಕಾರಣ ಇಂತಹ ಕಡಿತದಲ್ಲಿ ಒಂದು ದಿನದ ವಿಳಂಬವೂ ಅಪಾಯಕಾರಿ. ಈ ಬಾಲಕಿಯ ಸಾವು ಕಲಿಸಿದ ಪಾಠ ಇಂದಿಗೂ ಬದಲಾಗಿಲ್ಲ.

1886ರ ಮಾರ್ಚ್ 1ರಂದು ಪಾಶ್ಚರ್ ಅವರು ಸಲ್ಲಿಸಿದ ವರದಿಯಂತೆ, ಅದುವರೆಗೆ ಚಿಕಿತ್ಸೆ ಪಡೆದಿದ್ದ 350 ಜನರಲ್ಲಿ ಈ ಬಾಲಕಿಯೊಬ್ಬಳೇ ಸಾವನ್ನಪ್ಪಿದ್ದಳು. ಅದೇ ತಿಂಗಳು ರಷ್ಯಾದ ಸ್ಮೊಲೆನ್ಸ್ಕ್ ಪ್ರಾಂತ್ಯದಿಂದ ಹುಚ್ಚುತೋಳ ಕಚ್ಚಿದ 19 ಜನರು ಪ್ಯಾರಿಸ್ಸಿಗೆ ಬಂದರು. ಅವರಲ್ಲಿ ಮೂವರು ಮೃತಪಟ್ಟು 16 ಜನರು ಬದುಕಿ ಮರಳಿದರು.

ಪಾಶ್ಚರ್ ಸಂಸ್ಥೆ ಮತ್ತು ಅಂತಿಮ ದಿನಗಳು

ರೇಬೀಸ್ ಚಿಕಿತ್ಸೆಗೆಂದೇ ಸಂಸ್ಥೆಯೊಂದನ್ನು ಸ್ಥಾಪಿಸಲು ಸಾರ್ವಜನಿಕ ವಂತಿಗೆಯನ್ನು ಆರಂಭಿಸಲಾಯಿತು. ಚಕ್ರವರ್ತಿಗಳಿಂದ ಹಿಡಿದು ಸಾಮಾನ್ಯ ಜನರವರೆಗೆ ಎಲ್ಲರೂ ಹಣ ನೀಡಿದರು. ಸುಮಾರು 25 ಲಕ್ಷ ಫ್ರಾಂಕ್ ಸಂಗ್ರಹವಾಯಿತು. 1888ರ ನವೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆಯು ಉದ್ಘಾಟನೆಗೊಂಡಿತು. 1892ರ ಡಿಸೆಂಬರ್ 27ರಂದು ಅವರ 70ನೇ ಜನ್ಮದಿನವನ್ನು ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ದೊಡ್ಡ ಸಮಾರಂಭದೊಡನೆ ಆಚರಿಸಲಾಯಿತು. ಆರೋಗ್ಯವು ಕ್ರಮೇಣ ಕುಗ್ಗಿ, 1895ರ ಸೆಪ್ಟೆಂಬರ್ 28ರಂದು ತಮ್ಮ 72ನೇ ವಯಸ್ಸಿನಲ್ಲಿ ಅವರು ಪ್ಯಾರಿಸ್ ಸಮೀಪದಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿಯು ಪಾಶ್ಚರ್ ಸಂಸ್ಥೆಯ ಕಟ್ಟಡದಲ್ಲಿಯೇ ಇದೆ.

ಭಾರತದಲ್ಲಿ ಪಾಶ್ಚರ್ ಚಿಕಿತ್ಸೆ

ಪಾಶ್ಚರ್ ಚಿಕಿತ್ಸೆಯು ಭಾರತದಲ್ಲಿ ದೊರೆಯುವ ಮೊದಲು, ಹುಚ್ಚುನಾಯಿ ಕಚ್ಚಿದ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಪ್ಯಾರಿಸ್ಸಿಗೆ ಕಳುಹಿಸಲಾಗುತ್ತಿತ್ತು. ಸಾಮಾನ್ಯ ಭಾರತೀಯರಿಗೆ ಆ ಅವಕಾಶವಿರಲಿಲ್ಲ. 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಭಾರತದ ಮೊದಲ ಪಾಶ್ಚರ್ ಸಂಸ್ಥೆಯು ಆರಂಭವಾಯಿತು. ದಕ್ಷಿಣ ಭಾರತದವರು ಅಷ್ಟು ದೂರ ರೈಲಿನಲ್ಲಿ ಪ್ರಯಾಣಿಸಿ ತಲಪುವಷ್ಟರಲ್ಲಿ ಅಮೂಲ್ಯವಾದ ದಿನಗಳು ಕಳೆದುಹೋಗುತ್ತಿದ್ದವು. ಹೆನ್ರಿ ಫಿಪ್ಸ್ ಎಂಬ ಅಮೆರಿಕದ ದಾನಿಯು ನೀಡಿದ ಹಣದ ಒಂದು ಭಾಗದಿಂದ ನೀಲಗಿರಿಯ ಕೂನೂರಿನಲ್ಲಿ ಸಂಸ್ಥೆಯನ್ನು ನಿರ್ಮಿಸಲಾಯಿತು. ಅದು 1907ರ ಏಪ್ರಿಲ್ 6ರಂದು ಕಾರ್ಯಾರಂಭ ಮಾಡಿತು. ಹೀಗೆ ಈ ಚಿಕಿತ್ಸೆಯು ಮೈಸೂರು ಸೀಮೆಗೆ ಕೈಗೆಟುಕುವಷ್ಟು ಹತ್ತಿರಕ್ಕೆ ಬಂದಿತು.

ಕಸೌಲಿಯ ಮೊದಲ ನಿರ್ದೇಶಕರಾಗಿದ್ದ ಡೇವಿಡ್ ಸೆಂಪಲ್ ಅವರು 1911ರಲ್ಲಿ ಕುರಿಯ ಮಿದುಳಿನಿಂದ ತಯಾರಿಸಿ ಕಾರ್ಬಾಲಿಕ್ ಆಮ್ಲದಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು ರೂಪಿಸಿದರು. ಹೊಟ್ಟೆಯ ಚರ್ಮದ ಕೆಳಗೆ 14 ದಿನಗಳವರೆಗೆ ನೀಡುತ್ತಿದ್ದ ಈ ಲಸಿಕೆಯು ನೋವಿನಿಂದ ಕೂಡಿತ್ತು. ಕೆಲವರಲ್ಲಿ ನರಗಳ ದೌರ್ಬಲ್ಯವನ್ನೂ ಉಂಟುಮಾಡುತ್ತಿತ್ತು. ಭಾರತದಲ್ಲಿ ಇದರ ತಯಾರಿಕೆಯನ್ನು 2004ರ ಡಿಸೆಂಬರ್‌ನಲ್ಲಿ ನಿಲ್ಲಿಸಲಾಯಿತು. ಆದರೂ ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಎಂಬ ಹಳೆಯ ಭಯದಿಂದ ಆಸ್ಪತ್ರೆಗೆ ಬರಲು ಹಿಂಜರಿಯುವವರು ಇನ್ನೂ ಇದ್ದಾರೆ. ಇಂದಿನ ಲಸಿಕೆಗಳನ್ನು ಜೀವಕೋಶಗಳಲ್ಲಿ ಬೆಳೆಸಿದ ವೈರಾಣುವಿನಿಂದ ತಯಾರಿಸಲಾಗುತ್ತಿದ್ದು, ತೋಳಿಗೆ ನೀಡಲಾಗುತ್ತದೆ. ಹೊಟ್ಟೆಗೆ ಚುಚ್ಚುವ ಪದ್ಧತಿ ಈಗ ಇಲ್ಲ.

ಮನುಷ್ಯರಲ್ಲಿ ರೇಬೀಸ್ ರೋಗದ ಲಕ್ಷಣಗಳು

ಪಾಶ್ಚರ್ ಅವರ ಕಾಲದಿಂದ ಇಂದಿನವರೆಗೆ ರೋಗದ ಸ್ವರೂಪವು ಬದಲಾಗಿಲ್ಲ. ಪ್ರಾಣಿ ಕಚ್ಚಿದ ನಂತರ ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳಲ್ಲಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಒಂದು ವಾರದಲ್ಲಿಯೂ ಕಾಣಿಸಬಹುದು. ಒಂದು ವರ್ಷದವರೆಗೂ, ವಿರಳವಾಗಿ ಅದಕ್ಕಿಂತ ತಡವಾಗಿಯೂ ಕಾಣಿಸಬಹುದು. ಗಾಯವು ಒಣಗಿ ಮರೆತುಹೋದ ಬಳಿಕ ರೋಗವು ತಲೆದೋರುವುದೇ ಇದರ ಅಪಾಯ. ಲಕ್ಷಣಗಳು ಈ ಕೆಳಗಿನಂತಿವೆ.

1. ಆರಂಭದಲ್ಲಿ ಜ್ವರ, ತಲೆನೋವು, ಸುಸ್ತು, ಹಸಿವಿಲ್ಲದಿರುವುದು. ಇವು ಸಾಮಾನ್ಯ ಜ್ವರದಂತೆಯೇ ತೋರುತ್ತವೆ.

2. ಕಚ್ಚಿದ ಜಾಗದಲ್ಲಿ, ಗಾಯ ವಾಸಿಯಾಗಿದ್ದರೂ, ಜುಮುಗುಟ್ಟುವಿಕೆ, ತುರಿಕೆ, ಉರಿ ಅಥವಾ ನೋವು. ಈ ಲಕ್ಷಣಕ್ಕೆ ವಿಶೇಷ ಗಮನ ನೀಡಬೇಕು.

3. ನೀರು ಕುಡಿಯಲು ಹೋದಾಗ ಗಂಟಲಿನ ಸ್ನಾಯುಗಳು ಬಿಗಿದು ಸೆಳೆತವಾಗುವುದು. ಕ್ರಮೇಣ ನೀರನ್ನು ಕಂಡರೂ ಅಥವಾ ನೀರಿನ ಶಬ್ದ ಕೇಳಿದರೂ ಸೆಳೆತ ಉಂಟಾಗುವುದು. ಇದನ್ನು ಜಲಭೀತಿ ಎನ್ನುತ್ತಾರೆ. ರೋಗಿಗೆ ಬಾಯಾರಿಕೆ ಇರುತ್ತದೆ, ಕುಡಿಯಲು ಆಗುವುದಿಲ್ಲ.

4. ಮುಖಕ್ಕೆ ಗಾಳಿ ಅಥವಾ ಫ್ಯಾನಿನ ಗಾಳಿ ತಗುಲಿದರೆ ಸೆಳೆತ, ಬೆಳಕನ್ನು ಸಹಿಸಲಾಗದಿರುವುದು, ಬಾಯಲ್ಲಿ ಜೊಲ್ಲು ತುಂಬಿ ಸುರಿಯುವುದು.

5. ವಿಪರೀತ ಉದ್ವೇಗ, ನಿದ್ರಾಹೀನತೆ, ಗೊಂದಲ. ನಡುನಡುವೆ ರೋಗಿಯು ಪೂರ್ಣ ಎಚ್ಚರದಿಂದ ಮಾತನಾಡಬಹುದು. ಇದರಿಂದ ಮನೆಯವರು ಗುಣವಾಗುತ್ತಿದೆಯೆಂದು ತಪ್ಪು ತಿಳಿಯಬಾರದು.

6. ಕೆಲವು ರೋಗಿಗಳಲ್ಲಿ ಜಲಭೀತಿಯು ಕಾಣಿಸದೆ, ಕಚ್ಚಿದ ಕೈ ಅಥವಾ ಕಾಲಿನಿಂದ ಆರಂಭಿಸಿ ದೇಹವು ನಿಧಾನವಾಗಿ ಸ್ವಾಧೀನ ತಪ್ಪುತ್ತದೆ. ಇದನ್ನು ಬೇರೆ ಕಾಯಿಲೆಯೆಂದು ಭಾವಿಸುವ ಸಂಭವವಿದೆ. ಆದ್ದರಿಂದ ಹಿಂದಿನ ತಿಂಗಳುಗಳಲ್ಲಿ ಪ್ರಾಣಿ ಕಚ್ಚಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಈ ಲಕ್ಷಣಗಳು ಆರಂಭವಾದ ಬಳಿಕ ರೋಗಿಯು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಸಾವನ್ನಪ್ಪುತ್ತಾನೆ. ಬದುಕುಳಿದವರು ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟು. ಆದಕಾರಣ ಲಕ್ಷಣಗಳಿಗಾಗಿ ಕಾಯದೆ, ಕಚ್ಚಿದ ದಿನವೇ ಚಿಕಿತ್ಸೆ ಪಡೆಯುವುದು ಅತ್ಯವಶ್ಯಕ. ಲಕ್ಷಣಗಳು ಕಂಡುಬಂದಲ್ಲಿ ರೋಗಿಯನ್ನು ಮನೆಯಲ್ಲಿರಿಸದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ರೋಗಿಯ ಜೊಲ್ಲು ತಮ್ಮ ಗಾಯಕ್ಕೆ, ಕಣ್ಣಿಗೆ ಅಥವಾ ಬಾಯಿಗೆ ತಗುಲಿದವರು ತಾವೂ ಲಸಿಕೆ ಪಡೆಯಬೇಕು.

ಪ್ರಾಣಿ ಕಚ್ಚಿದಾಗ ಅನುಸರಿಸಬೇಕಾದ ಕ್ರಮಗಳು

ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಕನಿಷ್ಠ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಶಿನ, ಎಣ್ಣೆ, ಸೊಪ್ಪಿನ ರಸ ಮುಂತಾದವನ್ನು ಹಚ್ಚಬಾರದು. ಪಾಶ್ಚರ್ ಅವರು ಬಾಲ್ಯದಲ್ಲಿ ಕಂಡಂತೆ ಗಾಯಕ್ಕೆ ಬರೆ ಹಾಕುವ ಪದ್ಧತಿಯನ್ನು ಸಂಪೂರ್ಣವಾಗಿ ಕೈಬಿಡಬೇಕು.

ನಾಯಿಯಲ್ಲದೆ ಬೆಕ್ಕು, ಕೋತಿ ಮುಂತಾದ ಪ್ರಾಣಿಗಳ ಕಡಿತಕ್ಕೂ ವೈದ್ಯರನ್ನು ಕಾಣಬೇಕು. ರಕ್ತ ಬಾರದ ಪರಚು ಗಾಯಕ್ಕೂ ಲಸಿಕೆ ಬೇಕು. ರಕ್ತ ಬಂದ ಗಾಯಕ್ಕೆ ಮತ್ತು ಒಡೆದ ಚರ್ಮವನ್ನು ಪ್ರಾಣಿ ನೆಕ್ಕಿದ್ದರೆ, ಲಸಿಕೆಯ ಜೊತೆಗೆ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧಿಯನ್ನು ಗಾಯದ ಒಳಗೆ ಮತ್ತು ಸುತ್ತ ನೀಡಬೇಕಾಗುತ್ತದೆ. ಲಸಿಕೆಯ ರಕ್ಷಣೆ ಆರಂಭವಾಗುವವರೆಗೆ ಇದು ತಡೆಯಾಗಿ ನಿಲ್ಲುತ್ತದೆ.

ಲಸಿಕೆಯನ್ನು ಚರ್ಮದೊಳಗೆ ನೀಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನಗಳಂದು, ಸ್ನಾಯುವಿಗೆ ನೀಡುವ ಕ್ರಮದಲ್ಲಿ 0, 3, 7, 14 ಮತ್ತು 28ನೇ ದಿನಗಳಂದು ನೀಡಲಾಗುತ್ತದೆ. ಮೊದಲ ಚುಚ್ಚುಮದ್ದು ಪಡೆದ ದಿನವನ್ನು 0 ದಿನವೆಂದು ಎಣಿಸಬೇಕು. ನೋವು ಕಡಿಮೆಯಾಯಿತೆಂದು ನಡುವೆ ನಿಲ್ಲಿಸಬಾರದು. ಗರ್ಭಿಣಿಯರು, ಬಾಣಂತಿಯರು ಮತ್ತು ಶಿಶುಗಳಿಗೂ ಲಸಿಕೆಯನ್ನು ನೀಡಬಹುದು. ಧನುರ್ವಾಯು ತಡೆಯುವ ಟಿ.ಟಿ. ಚುಚ್ಚುಮದ್ದು ರೇಬೀಸ್ ರೋಗವನ್ನು ತಡೆಯುವುದಿಲ್ಲ. ಟಿ.ಟಿ. ಮಾತ್ರ ಪಡೆದು ಸುಮ್ಮನಿರುವುದು ಪ್ರಾಣಾಪಾಯಕ್ಕೆ ಎಡೆಮಾಡಬಹುದು. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಿ ನೋಡೋಣವೆಂದು ಲಸಿಕೆಯನ್ನು ಮುಂದೂಡಬಾರದು.

ಸಾರ್ವಜನಿಕರ ಗಮನಕ್ಕೆ

ರೇಬೀಸ್ ಲಸಿಕೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಮಂಡಕಳ್ಳಿ ಮತ್ತು ಸುತ್ತಮುತ್ತಲಿನವರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರವನ್ನು ಅಥವಾ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಚಿಕಿತ್ಸೆ ಪಡೆಯಲು ಮುಂಚಿತವಾಗಿ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. ಆಸ್ಪತ್ರೆಯು ನೀಡುವ ಲಸಿಕೆ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು, ಪ್ರತಿ ಬಾರಿಯೂ ತಪ್ಪದೆ ಹಾಜರುಪಡಿಸತಕ್ಕದ್ದು. ಮುಂದೆ ಮತ್ತೊಮ್ಮೆ ಕಡಿತವಾದಲ್ಲಿ ಈ ಚೀಟಿಯ ಆಧಾರದ ಮೇಲೆ ಕಡಿಮೆ ಚುಚ್ಚುಮದ್ದುಗಳು ಸಾಕಾಗುತ್ತವೆ. ಆರೋಗ್ಯ ಸಲಹೆಗೆ 104 ಮತ್ತು ತುರ್ತು ವಾಹನಕ್ಕೆ 108 ಸಂಖ್ಯೆಗೆ ಕರೆ ಮಾಡಬಹುದು.

ನಾಯಿಗಳಿಂದ ಹರಡುವ ರೇಬೀಸ್ ರೋಗವನ್ನು 2030ರೊಳಗೆ ನಿರ್ಮೂಲನೆ ಮಾಡುವ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು 2021ರ ಸೆಪ್ಟೆಂಬರ್ 28ರಂದು ಪ್ರಕಟಿಸಲಾಗಿದೆ. ಸಾಕುನಾಯಿಗಳಿಗೆ ಪ್ರತಿ ವರ್ಷ ಲಸಿಕೆ ಹಾಕಿಸುವುದು ಮಾಲೀಕರ ಕರ್ತವ್ಯವಾಗಿದೆ. ನಾಯಿ ಕಚ್ಚಿದರೆ ಬೈಗುಳ ತಿನ್ನಬೇಕಾದೀತೆಂಬ ಅಂಜಿಕೆಯಿಂದ ಮಕ್ಕಳು ಮನೆಯಲ್ಲಿ ಹೇಳದೆ ಮುಚ್ಚಿಡುವುದುಂಟು. ಮಕ್ಕಳು ಅಂಜದೆ ಹೇಳುವಂತೆ ತಂದೆತಾಯಿಗಳು ಹಾಗೂ ಶಿಕ್ಷಕರು ಅವರಿಗೆ ಧೈರ್ಯ ತುಂಬಬೇಕಾಗಿ ಕೋರಲಾಗಿದೆ.

ಎರಡೇ ದಿನಗಳಲ್ಲಿ ಚಿಕಿತ್ಸೆ ಪಡೆದ ಜೋಸೆಫ್ ಮೈಸ್ಟರ್ ಬದುಕಿದನು. 37 ದಿನಗಳ ನಂತರ ಬಂದ ಲೂಯೀಸ್ ಪೆಲ್ಟಿಯೇ ಉಳಿಯಲಿಲ್ಲ. ಇಬ್ಬರಿಗೂ ಚಿಕಿತ್ಸೆ ನೀಡಿದವರು ಪಾಶ್ಚರ್ ಅವರೇ. ಕಚ್ಚಿದ ದಿನವೇ ಆಸ್ಪತ್ರೆಗೆ ಬರುವುದರ ಮಹತ್ವವನ್ನು ಸಾರ್ವಜನಿಕರು ಇದರಿಂದ ಅರಿತುಕೊಳ್ಳಬಹುದಾಗಿದೆ.